ಅಂಕಿಗಳು ತಾವಾಗಿ ಮಾತಾಡುವುದಿಲ್ಲ

ಸಂಶೋಧನಾ ಪ್ರಬಂಧಕ್ಕೆ ಅಂಕಿಅಂಶ ಸಾಕು, ವಾದ ಕಟ್ಟುವುದು ಭಾಷಣಕಾರರ ಕೆಲಸ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಅಲಂಕಾರದ ಮಾತು ಬೇಡವೆಂಬ ಅವರ ಕಾಳಜಿ ಸರಿ. ತಲುಪಿದ ತೀರ್ಮಾನ ತಪ್ಪು.

1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಸಾವುಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಹೆಚ್ಚಿದ್ದವು. ಅಷ್ಟನ್ನೇ ನೋಡಿದರೆ, ಕೆಟ್ಟ ಗಾಳಿಯೇ ಕಾರಣ ಎನ್ನುತ್ತಿದ್ದವರಿಗೂ ಅದು ಸಾಕ್ಷಿಯೇ. ಪಂಪಿನ ನೀರೇ ಕಾರಣ ಎನ್ನುತ್ತಿದ್ದ ವೈದ್ಯ ಜಾನ್ ಸ್ನೋ ಈ ಎರಡು ವಾದಗಳನ್ನು ಬೇರ್ಪಡಿಸಬಲ್ಲ ಪ್ರಕರಣಗಳನ್ನು ಹುಡುಕಿದರು. ಹತ್ತಿರದಲ್ಲೇ ಇದ್ದ, ಆದರೆ ಸ್ವಂತ ಬಾವಿಯಿದ್ದ ಬಡವರ ವಸತಿಯಲ್ಲಿ 535 ಮಂದಿಯಿದ್ದರು. ಕಾಲರಾದಿಂದ ಸತ್ತವರು ಐವರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದು ಈ ಪಂಪಿನ ನೀರನ್ನೇ ತರಿಸಿ ಕುಡಿಯುತ್ತಿದ್ದ ವಿಧವೆಯೊಬ್ಬರು ತೀರಿಕೊಂಡರು. ಗಾಳಿಯ ವಾದ ಇವೆರಡನ್ನೂ ವಿವರಿಸಲಾರದು. ನೀರಿನ ವಾದ ವಿವರಿಸುತ್ತದೆ.

ವಾದ ಬಂದರೆ ಪಕ್ಷಪಾತ ಬರುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ವಾದವನ್ನು ಬಿಡಿಸಿ ಬರೆದರೆ ತಾನೆ ಅದರ ದೋಷ ಇನ್ನೊಬ್ಬರಿಗೆ ಕಾಣುವುದು? ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು, ಏಕೆ ಎಂಬುದನ್ನು ಬರೀ ಕೋಷ್ಟಕ ಹೇಳುವುದಿಲ್ಲ.

ಕೈತೊಳೆಯುವುದರಿಂದ ಬಾಣಂತಿಯರ ಸಾವು ಇಳಿದ ಅಂಕಿಗಳು ವಿಯೆನ್ನಾದ ವೈದ್ಯ ಸೆಮ್ಮೆಲ್ವೈಸ್ ಬಳಿ 1847ರಲ್ಲೇ ಇದ್ದವು. ತಮ್ಮ ವಾದವನ್ನು ವಿವರವಾಗಿ ಮಂಡಿಸಿದ ಪುಸ್ತಕವನ್ನು ಅವರು ಹೊರತಂದದ್ದು 1861ರಲ್ಲಿ. ಅಂಕಿಗಳಷ್ಟೇ ಸಾಕಾಗಿದ್ದರೆ ಆ ಪುಸ್ತಕ ಬೇಕಾಗುತ್ತಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ವಾದ ಬೇಡವೆಂದು ದಯವಿಟ್ಟು ಕಲಿಸಬೇಡಿ.