ಅಪ್ಪಣೆಯ ಆಟ

ಮಾರೇನಹಳ್ಳಿಯ ಮನೆಗಳಲ್ಲಿ ಭಾನುವಾರವೆಂದರೆ ಎಣ್ಣೆಸ್ನಾನ, ಮಕ್ಕಳ ಪಾಠ, ನಿಧಾನದ ಊಟ. ಈಗ ಆ ದಿನಕ್ಕೂ ಕಚೇರಿಯ ಕರೆ ಬರುತ್ತಿದೆ: ಬೆಳಗ್ಗೆ ಏಳಕ್ಕೆ ಬಸ್ಸು, ಬಿಡದಿಯ ಕಡೆ ರೆಸಾರ್ಟು, ಅಲ್ಲಿ ಗೋಣಿಚೀಲದ ಓಟ. ಇದರ ಹೆಸರು ‘ಟೀಮ್ ಬಿಲ್ಡಿಂಗ್’. ಬರುವುದು ಕಡ್ಡಾಯವಲ್ಲವಂತೆ, ಬಾರದವರ ಹೆಸರನ್ನು ಮಾತ್ರ ಗುರುತು ಹಾಕಿಕೊಳ್ಳುವರಂತೆ! ಐವತ್ತು ದಾಟಿದ ಲೆಕ್ಕಿಗರು ಮಂಡಿನೋವನ್ನು ನುಂಗಿಕೊಂಡು ಕುಪ್ಪಳಿಸುತ್ತಾರೆ. ಮೇಲಧಿಕಾರಿಗಳು ಚಪ್ಪಾಳೆ ತಟ್ಟುತ್ತಾರೆ.

ಈ ಒಗ್ಗಟ್ಟಿನ ಶಾಸ್ತ್ರದವರು ಬಹಳವಾಗಿ ನೆನೆಯುವ ಪ್ರಯೋಗವೊಂದು ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1927ರಲ್ಲಿ ಆರಂಭವಾಯಿತು. ಕೆಲವು ಮಹಿಳಾ ಕಾರ್ಮಿಕರನ್ನು ಬೇರೊಂದು ಕೊಠಡಿಯಲ್ಲಿ ಕೂರಿಸಿ, ವಿರಾಮವಿತ್ತು, ಅವರ ಅಭಿಪ್ರಾಯವನ್ನೂ ಕೇಳಿದರು. ಉತ್ಪಾದನೆ ಏರಿತು. ಆದರೆ ಮಾತು ಹೆಚ್ಚಾಯಿತೆಂದು, ಸಹಕಾರ ಸಾಲದೆಂದು, 1928ರಲ್ಲಿ ಅವರಲ್ಲಿ ಇಬ್ಬರನ್ನು ಆ ಕೊಠಡಿಯಿಂದ ಕಳುಹಿಸಿಬಿಟ್ಟರು. ಆಟದ ಬಯಲಿನಲ್ಲಿ ಈ ಸಂಗತಿಯನ್ನು ಯಾರು ಹೇಳುತ್ತಾರೆ?

ಬೆಂಗಳೂರಿನ ಕಾರ್ಖಾನೆಗಳಿಗೆ ಒಗ್ಗಟ್ಟು ಹೊಸತಲ್ಲ. ಆಯುಧಪೂಜೆಗೆ ಯಂತ್ರ ಒರೆಸಿ, ಹೂವೇರಿಸಿ, ಬೂದುಗುಂಬಳ ಒಡೆದು, ಸಾಹೇಬರೂ ಜವಾನರೂ ಒಂದೇ ಕಡಲೆಪುರಿಯನ್ನು ಹಂಚಿಕೊಳ್ಳುತ್ತಾರೆ. ಅಲ್ಲಿ ಯಾರಿಗೂ ಅಂಕ ಹಾಕುವುದಿಲ್ಲ. ಸ್ನೇಹ ಬೇಕೆನ್ನುವ ಅಧಿಕಾರಿಗಳು ಮೊದಲು ನೌಕರರ ಮಾತಿಗೆ ಕಿವಿಗೊಡಲಿ. ಆಡಿಸಲೇಬೇಕಾದರೆ ಸೋಮವಾರ ಆಡಿಸಲಿ. ಭಾನುವಾರ ಹೆಂಡತಿ ಮಕ್ಕಳ ಸೊತ್ತು.