‘ಭಾರೀ ಮಳೆ’ ಅಂದರೆ ಎಷ್ಟು ಮಳೆ?

‘ಹುಬ್ಬಳ್ಳಿ-ಧಾರವಾಡದಲ್ಲಿ ನಾಳೆ ಭಾರೀ ಮಳೆ, ಎಲ್ಲರಿಗೂ ಶೇರ್ ಮಾಡಿ!’ ಮಳೆಗಾಲದಲ್ಲಿ ಇಂಥ ಫಾರ್ವರ್ಡ್ ಬಾರದ ವಾಟ್ಸಾಪ್ ಗ್ರೂಪ್ ಇರಲಿಕ್ಕಿಲ್ಲ. ಅದನ್ನು ಓದಿ ಒಬ್ಬರು ಊರಿಗೆ ಹೋಗುವುದನ್ನೇ ಮುಂದೂಡುತ್ತಾರೆ. ಇನ್ನೊಬ್ಬರು ‘ಹೋದ ಸಲಾನೂ ಹಿಂಗ ಅಂದಿದ್ರು, ಒಂದ್ ಹನೀನೂ ಬೀಳಲಿಲ್ಲ’ ಎಂದು ಫೋನ್ ಕೆಳಗಿಡುತ್ತಾರೆ. ನವಲಗುಂದದ ಕಡೆ ಹೆಸರು ಒಣಗಿ ನಿಂತಿದ್ದರೆ ಈ ಒಂದು ಪದದ ಮೇಲೆ ಬೆಳೆಯ ಗತಿ ನಿಂತಿರುತ್ತದೆ. ಇವತ್ತೇ ಬಿಡಿಸಬೇಕೋ, ಎರಡು ದಿನ ಕಾಯಬಹುದೋ? ಒಣಗಿದ ಕಾಯಿ ಮಳೆಗೆ ಸಿಕ್ಕರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ.

ಹವಾಮಾನ ಇಲಾಖೆಗೆ ‘ಭಾರೀ’ ಎಂಬುದು ವರ್ಣನೆಯಲ್ಲ, ಅಳತೆ. ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ 64.5ರಿಂದ 115.5 ಮಿಲಿಮೀಟರ್ ಸುರಿದರೆ ಭಾರೀ. 115.6ರಿಂದ 204.4ರವರೆಗೆ ಅತಿ ಭಾರೀ. ಅದಕ್ಕೂ ಮೇಲಿನದಕ್ಕೆ ಬೇರೆ ವರ್ಗವೇ ಇದೆ. ಸಂಜೆ ಅರ್ಧ ತಾಸು ಬಡಿದು ರಸ್ತೆಯಲ್ಲಿ ನೀರು ನಿಲ್ಲಿಸಿದ 30 ಮಿ.ಮೀ. ಮಳೆ ನಮ್ಮ ಬಾಯಲ್ಲಿ ಭಾರೀ, ಇಲಾಖೆಯ ಲೆಕ್ಕದಲ್ಲಿ ಸಾಧಾರಣ. ಮುನ್ಸೂಚನೆ ಸುಳ್ಳಾಯಿತು ಎನ್ನುವ ಜಗಳಗಳಲ್ಲಿ ಕೆಲವಾದರೂ ಇಲ್ಲಿಂದ ಶುರುವಾಗುತ್ತವೆ.

ಹಾಗಾದರೆ ಪದ ಬಿಟ್ಟು ಅಂಕಿಯನ್ನಷ್ಟೇ ಕೊಡಬಹುದಲ್ಲ? 64.5 ಎಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. 30×40 ಸೈಟಿನಷ್ಟು ಅಗಲದ ತಾರಸಿಯ ಮೇಲೆ 64.5 ಮಿ.ಮೀ. ಸುರಿದರೆ 7,000 ಲೀಟರಿಗೂ ಹೆಚ್ಚು, ಅಂದರೆ ಸಾವಿರ ಲೀಟರಿನ ಏಳು ಟ್ಯಾಂಕ್. ಈಗ ಗೊತ್ತಾಯಿತು.

ಪದ ಮತ್ತು ಅಂಕಿಯ ಈ ತೊಡಕು ಆಟಗಳಲ್ಲೂ ಇದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಿ ಆಟದಲ್ಲಿ 20 ಮುಖದ ದಾಳ ಉರುಳಿಸುತ್ತಾರೆ. 2014ರ ನಿಯಮಪುಸ್ತಕದ ಪ್ರಕಾರ ‘ಮಧ್ಯಮ’ ಕಷ್ಟದ ಕೆಲಸಕ್ಕೆ 15 ಬೀಳಬೇಕು. ವಿಶೇಷ ಕೌಶಲವಿಲ್ಲದ ಪಾತ್ರ 100ಕ್ಕೆ 70 ಸಲ ಸೋಲುತ್ತದೆ! ಕೌಶಲಕ್ಕೆ 5 ಅಂಕ ಕೂಡಿಸಿಕೊಳ್ಳುವ ಪಾತ್ರ ಅದೇ ಕೆಲಸದಲ್ಲಿ 100ಕ್ಕೆ 55 ಸಲ ಗೆಲ್ಲುತ್ತದೆ. ಪದವೂ ಒಂದೇ, ಅಂಕಿಯೂ ಒಂದೇ. ಯಾರಿಗೆ ಎಂಬುದು ಬೇರೆ.

ಮಳೆಗೂ ಹಾಗೆಯೇ. 70 ಮಿ.ಮೀ. ಮಂಗಳೂರಿಗೆ ಜುಲೈನ ಇನ್ನೊಂದು ದಿನ. ನೀರು ಬೇಗ ಬಸಿಯದ ನಮ್ಮ ಎರೆ ಹೊಲಕ್ಕೆ ದೊಡ್ಡ ಪೆಟ್ಟು. ಇದಕ್ಕೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿರುವುದು. ಮಳೆ ಎಷ್ಟು ಎಂಬುದರ ಜೊತೆ ಅದರ ಪರಿಣಾಮ, ಸಾಧ್ಯತೆಗಳನ್ನೂ ನೋಡಿ ಬಣ್ಣ ಕೊಡುತ್ತಾರೆ. ‘ರೆಡ್ ಅಲರ್ಟ್ ಅಂದರೆ 200 ಮಿ.ಮೀ. ಗ್ಯಾರಂಟಿ’ ಎಂಬ ಸಂದೇಶ ತಪ್ಪು.

ಫಾರ್ವರ್ಡ್ ಆಗುವಾಗ ಮೊದಲು ಉದುರಿಹೋಗುವುದು ‘ಒಂದೆರಡು ಕಡೆ’ ಎಂಬ ಚಿಕ್ಕ ಮಾತು. ಅದಕ್ಕೂ ಅಂಕಿಯಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25 ಅಥವಾ ಅದಕ್ಕಿಂತ ಕಡಿಮೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50. ಧಾರವಾಡ ಜಿಲ್ಲೆ ಸೇರುವುದು ಬೀದರ್‌ವರೆಗೆ ಹರಡಿರುವ ಉತ್ತರ ಒಳನಾಡಿಗೆ. ಆ ಇಡೀ ಪ್ರದೇಶದ ಒಂದೆರಡು ಕಡೆ ಭಾರೀ ಮಳೆ ಎಂದಿದ್ದರೆ, ಉಣಕಲ್ಲಿನಲ್ಲಿ ಬಿಸಿಲು ಬಿದ್ದರೂ ಮುನ್ಸೂಚನೆ ನಿಜವೇ ಆಗಿರಬಹುದು.