ಕಥೆ ಬರೆಯಾಕೂ ಡಿಗ್ರಿ ಬೇಕೇನವ್ವಾ?

ಪಿಯುಸಿ ಫಲಿತಾಂಶ ಬಂತೆಂದರೆ ಅಂಗಡಿ ಕಟ್ಟೆಗಳಲ್ಲಿ ವ್ಯಾಪಾರ ಅರ್ಧ, ಪಂಚಾಯಿತಿ ಅರ್ಧ. ಯಾರ ಮಗ ಇಂಜಿನಿಯರಿಂಗು, ಯಾರ ಮಗಳು ನರ್ಸಿಂಗು, ಯಾರು ಬಿ.ಕಾಂ. ಮುಗಿಸಿ ಅಪ್ಪನ ಗಲ್ಲಾದ ಮುಂದೆ ಕೂರುತ್ತಾರೆ ಎಂಬುದೆಲ್ಲ ಅಲ್ಲೇ ತೀರ್ಮಾನ. ಇಂಥ ಹೊತ್ತಿನಲ್ಲಿ ಯಾವುದಾದರೊಂದು ಮನೆಯ ಹುಡುಗಿ "ನಾನು ಕಥೆ ಬರೆಯೋದನ್ನೇ ಓದ್ತೀನಪ್ಪಾ, ಅಮೆರಿಕದಾಗೆ ಅದಕ್ಕೂ ಡಿಗ್ರಿ ಐತಂತೆ" ಎಂದುಬಿಟ್ಟರೆ? ಅಪ್ಪ ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳುತ್ತಾನೆ: "ಕಥೆ ಬರೆಯಾಕೂ ಡಿಗ್ರಿ ಬೇಕೇನವ್ವಾ?"

ಪ್ರಶ್ನೆ ನ್ಯಾಯವಾದದ್ದೇ. ಡಿ.ವಿ.ಜಿ. ಯಾವ ಕಾಲೇಜಿನ ಪದವೀಧರರು? ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು ಬಂದವರು. 1977ರ ಜ್ಞಾನಪೀಠ ಅವರನ್ನೇ ಹುಡುಕಿಕೊಂಡು ಬಂತು. ವೈದೇಹಿ ಓದಿದ್ದು ಬಿ.ಕಾಂ. ಜಯಂತ ಕಾಯ್ಕಿಣಿಯವರದು ಜೀವರಸಾಯನ ಶಾಸ್ತ್ರ. 2025ರಲ್ಲಿ ಕನ್ನಡಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನ ತಂದ ಹಾಸನದ ಬಾನು ಮುಷ್ತಾಕ್ ವಕೀಲರು. ಇವರಲ್ಲಿ ಯಾರ ಬಳಿಯೂ 'ಕಥೆ ಬರೆಯಲು ಯೋಗ್ಯರು' ಎಂಬ ಸರ್ಟಿಫಿಕೇಟು ಇರಲಿಲ್ಲ.

ಅಷ್ಟಕ್ಕೇ ಆ ಹುಡುಗಿಯ ಬಾಯಿ ಮುಚ್ಚಿಸಿದರೆ ಮಾತ್ರ ತಪ್ಪಾಗುತ್ತದೆ. ಆ ಡಿಗ್ರಿಯಲ್ಲಿ ಏನೇನು ಕೇಳುತ್ತಾರೆ ಎಂಬುದನ್ನು ಅಂಗಡಿಯ ಲೆಕ್ಕದಲ್ಲೇ ನೋಡಬೇಕು.

ಅಯೋವಾ ರಾಜ್ಯವನ್ನೇ ತೆಗೆದುಕೊಳ್ಳಿ. ದಾವಣಗೆರೆ, ಹಾವೇರಿ ಕಡೆಯವರಿಗೆ ಅದು ತೀರಾ ಪರಕೀಯವಲ್ಲ. ಮೆಕ್ಕೆಜೋಳ ಬೆಳೆಯುವುದರಲ್ಲಿ ಅಮೆರಿಕಕ್ಕೇ ಮುಂದು. ಅಲ್ಲಿನ ವಿಶ್ವವಿದ್ಯಾಲಯ 1936ರಲ್ಲೇ ಬರಹಗಾರರ ಕಮ್ಮಟವೊಂದನ್ನು ಶುರು ಮಾಡಿತು. ಅದು ಎಂ.ಎ. ಮಟ್ಟದ್ದು. ಹೊರದೇಶದ ಲೇಖಕರನ್ನು ಕರೆಸಿ ಕೆಲ ತಿಂಗಳು ಇರಿಸಿಕೊಳ್ಳುವ ಇನ್ನೊಂದು ಕಾರ್ಯಕ್ರಮ 1967ರಲ್ಲಿ ಬಂತು. 'ಘಾಚರ್ ಘೋಚರ್' ಬರೆದ ವಿವೇಕ ಶಾನಭಾಗರು 2016ರಲ್ಲಿ ಹೋಗಿದ್ದು ಅದಕ್ಕೇ. ಅವರೂ ಓದಿದ್ದು ಇಂಜಿನಿಯರಿಂಗ್ ಅನ್ನಿ! ಬಿ.ಎ. ಹುಡುಗರಿಗೆಂದೇ ಇಂಗ್ಲಿಷ್ ಮತ್ತು ಸೃಜನಶೀಲ ಬರೆವಣಿಗೆ ಎಂಬ ವಿಷಯ ಅಲ್ಲಿಗೆ ಬಂದದ್ದು ತೀರ ಈಚೆಗೆ.

ನಾಲ್ಕು ವರ್ಷಕ್ಕೆ 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ವಾರಕ್ಕೊಂದು ಗಂಟೆ ಪಾಠ, ಅದಕ್ಕೆ ಮನೆಯಲ್ಲಿ ಎರಡು ಗಂಟೆ ಓದು. ಈ 120ರಲ್ಲಿ ಆರಿಸಿಕೊಂಡ ವಿಷಯಕ್ಕೆ ಸಿಗುವುದು ಹೆಚ್ಚೂಕಡಿಮೆ ಮೂರನೇ ಒಂದು ಪಾಲು. ಉಳಿದದ್ದು? ಪ್ರಯೋಗಾಲಯದ ವಿಜ್ಞಾನ ಬೇಕು, ಲೆಕ್ಕ ಬೇಕು, ಇತಿಹಾಸ ಬೇಕು, ತನ್ನದಲ್ಲದ ಒಂದು ಭಾಷೆ ಕಲಿತಿರಬೇಕು. ಕವಿಯಾದರೇನಂತೆ, ಲೆಕ್ಕ ಬರುವುದಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ಮೂರನೇ ಒಂದು ಪಾಲಿನಲ್ಲೂ ಬರೆವಣಿಗೆಯೇ ತುಂಬಿಲ್ಲ. ದೊಡ್ಡ ಭಾಗ ಹಳೆಯ ಸಾಹಿತ್ಯದ, ಈಗಿನ ಸಾಹಿತ್ಯದ ಓದು. ಕಥೆಗಾರನಾಗಲು ಬಂದವನಿಗೆ ಮೊದಲು ಸಿಗುವುದು ಪೆನ್ನಲ್ಲ, ಪುಸ್ತಕದ ಪಟ್ಟಿ.

ಇನ್ನು ಕಮ್ಮಟ ಎಂಬುದರ ರೀತಿ ವಿಚಿತ್ರ. ಹುಡುಗ ತನ್ನ ಕಥೆಯ ಪ್ರತಿಗಳನ್ನು ಮೊದಲೇ ಎಲ್ಲರಿಗೂ ಹಂಚಬೇಕು. ಹತ್ತು ಹದಿನೈದು ಮಂದಿ ಓದಿ, ಗುರುತು ಹಾಕಿಕೊಂಡು ಬಂದು ಸುತ್ತ ಕೂರುತ್ತಾರೆ. ಇಲ್ಲಿ ಸಪ್ಪೆಯಾಗಿದೆ, ಈ ಅತ್ತೆ ಹೀಗೆ ಮಾತಾಡುವವಳಲ್ಲ, ಕೊನೆಯ ಪುಟ ಬೇಡವೇ ಬೇಡ - ಹೀಗೆ ಒಬ್ಬೊಬ್ಬರೂ ಹೇಳುತ್ತಾರೆ. ಅಷ್ಟು ಹೊತ್ತೂ ಬರೆದವನು ತುಟಿಪಿಟಕ್ ಎನ್ನಬಾರದು! ಹಳೆಯ ಪದ್ಧತಿಯಲ್ಲಿ ಇದು ಕಟ್ಟುನಿಟ್ಟು, ಈಗ ಕೆಲವು ಕಡೆ ಸಡಿಲವಾಗಿದೆ. ಆಮೇಲೆ ಮನೆಗೆ ಹೋಗಿ ತಿದ್ದಿ ಬರೆಯಬೇಕು. ಇಲ್ಲಿ ಸನ್ಮಾನದ ಶಾಲು ಹೊದ್ದು, ಅಧ್ಯಕ್ಷರ ಹೊಗಳಿಕೆ ಕೇಳಿ ಬರುವ ಕವಿಗೋಷ್ಠಿಯ ಕವಿಗಳಿಗೆ ಇಂಥದ್ದೊಂದು ಮಧ್ಯಾಹ್ನ ಕಳೆಯಲು ಹೇಳಿದರೆ ಎಷ್ಟು ಜನ ಉಳಿದಾರು, ದೇವರೇ ಬಲ್ಲ.

ಇದರಿಂದ ಎಲ್ಲರ ಕಥೆಯೂ ಒಂದೇ ಅಚ್ಚಿನ ಬೆಲ್ಲವಾಗುತ್ತದೆ ಎಂಬ ಟೀಕೆ ಅಮೆರಿಕದಲ್ಲೇ ಇದೆ. ಬರೆಯುವುದನ್ನು ಕಲಿಸಲಾಗದು, ಇದ್ದ ಶಕ್ತಿಯನ್ನು ಪ್ರೋತ್ಸಾಹಿಸಬಹುದಷ್ಟೆ ಎಂದು ಅಯೋವಾದ ಕಮ್ಮಟದವರೇ ಒಪ್ಪಿಕೊಳ್ಳುತ್ತಾರೆ. ಔಷಧ ಮಾರುವವನೇ ಗುಣವಾಗುವ ಗ್ಯಾರಂಟಿ ಇಲ್ಲ ಎಂದಂತೆ. ಆದರೆ ಫೀಸಿನಲ್ಲಿ ಮಾತ್ರ ಸಂದೇಹವಿಲ್ಲ. ಹೊರದೇಶದ ವಿದ್ಯಾರ್ಥಿಗೆ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುತ್ತದೆ. ಊಟ, ರೂಮು ಬೇರೆ. ಕಿರಾಣಿ ಅಂಗಡಿ ಮಾರಿದರೂ ಎರಡನೇ ವರ್ಷಕ್ಕೆ ಸಾಲದು.

ಹಾಗಿದ್ದರೆ ಹುಡುಗಿ ಸುಮ್ಮನಾಗಬೇಕೇ? ಖಂಡಿತ ಇಲ್ಲ. ಆ ಡಿಗ್ರಿಯ ತಿರುಳನ್ನು ಬಿಡಿಸಿ ನೋಡಿದರೆ ಸಿಗುವುದು ಎರಡೇ ಸಾಮಾನು. ಕೈಗೆಟಕುವ ಪುಸ್ತಕಗಳು ಒಂದು, ಮುಲಾಜಿಲ್ಲದೆ ತಪ್ಪು ಹೇಳುವ ನಾಲ್ಕು ಜನ ಇನ್ನೊಂದು. ಎರಡನೆಯದಕ್ಕೆ ಅಮೆರಿಕದವರಿಗೆ ಪೇಟೆಂಟ್ ಇಲ್ಲ. 1920ರ ದಶಕದಲ್ಲೇ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಬೆಟಗೇರಿ ಕೃಷ್ಣಶರ್ಮರು, ಶಂಬಾ ಜೋಶಿಯವರು, ವಿ.ಕೃ. ಗೋಕಾಕರು ಆ ಗುಂಪಿನಲ್ಲಿ ಬೆಳೆದವರು. ಫೀಸು ಇರಲಿಲ್ಲ, ಕ್ರೆಡಿಟ್ಟೂ ಇರಲಿಲ್ಲ.

ಮೊದಲನೆಯದೇ ಕಷ್ಟ. ಇಲ್ಲಿನ ಬಿ.ಎ. ಪದವಿಯನ್ನು 2021ರಲ್ಲಿ ನಾಲ್ಕು ವರ್ಷಕ್ಕೆ ಎಳೆದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ವರ್ಷ ಎಣಿಸಿದ್ದೇ ಬಂತು, ಹುಡುಗರು ಎಷ್ಟು ಪುಸ್ತಕ ಓದಿದರು ಎಂದು ಎಣಿಸಿದವರಿಲ್ಲ. ಪಠ್ಯಪುಸ್ತಕ ಕೊಳ್ಳುವವರಿಗಿಂತ ಬಸ್ ಸ್ಟ್ಯಾಂಡಿನ ಬುಕ್ ಸ್ಟಾಲಿನಲ್ಲಿ ಗೈಡು ಕೊಳ್ಳುವವರೇ ಹೆಚ್ಚು. ಗೈಡು ಓದಿಯೇ ಫಸ್ಟ್ ಕ್ಲಾಸು ಬರುವುದಾದರೆ ಹುಡುಗರನ್ನು ಬೈದು ಏನು ಪ್ರಯೋಜನ?

ಉಳಿದದ್ದು ಸಾರ್ವಜನಿಕ ಗ್ರಂಥಾಲಯ. ಅಂಗಡಿಕಾರರು ಕಿವಿಗೊಡಬೇಕಾದ ಮಾತು ಇಲ್ಲಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. 100 ರೂಪಾಯಿ ತೆರಿಗೆಗೆ 6 ರೂಪಾಯಿ. ಮಳಿಗೆಯ ಮಾಲೀಕ ತನ್ನ ಜನ್ಮದಲ್ಲಿ ಒಂದು ಕಾದಂಬರಿ ಮುಟ್ಟದಿದ್ದರೂ ಪುಸ್ತಕಕ್ಕೆಂದು ದುಡ್ಡು ಕೊಟ್ಟೇ ಕೊಡುತ್ತಾನೆ. ಹೀಗೆ ವಸೂಲಿ ಮಾಡಿದ್ದನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ಕಟ್ಟುವುದಿಲ್ಲ, ಬಾಕಿ ಬೆಳೆಯುತ್ತಲೇ ಇದೆ ಎಂಬ ದೂರು ರಾಜ್ಯದ ತುಂಬ ಹಳೆಯದು. ಪುಸ್ತಕದ ದುಡ್ಡು ಚರಂಡಿಗೋ ಜೀಪಿನ ಡೀಸೆಲಿಗೋ ಹೋದರೆ ಕೇಳುವವರು ಯಾರು?

ದಿನಾ ಬಸ್ಸಿನಲ್ಲಿ ಓಡಾಡುವವರ ಪಾಡು ಇನ್ನೊಂದು. ಬೆಳಿಗ್ಗೆ ಹೋಗುವಾಗ ಗ್ರಂಥಾಲಯ ತೆಗೆದಿರುವುದಿಲ್ಲ, ಸಂಜೆ ಬಸ್ಸಿಳಿದು ಬರುವಾಗ ಮುಚ್ಚಿರುತ್ತದೆ. ತೆರೆದಿದ್ದಾಗ ಹೋದರೆ ನಾಲ್ಕು ದಿನಪತ್ರಿಕೆಗೆ ಹತ್ತು ಮಂದಿ ಕಾಯುತ್ತಿರುತ್ತಾರೆ, ಕಪಾಟಿನ ಬೀಗದ ಕೈ ಇನ್ನಾರದೋ ಹತ್ತಿರ. ಪಟ್ಟಣದ ಯಾವ ವ್ಯಾಪಾರಿಯಾದರೂ ಗಿರಾಕಿ ಬಿಡುವಾಗುವ ಹೊತ್ತಿಗೆ ಸರಿಯಾಗಿ ಷಟರ್ ಎಳೆಯುತ್ತಾನೆಯೇ? ರಾತ್ರಿ ಒಂಬತ್ತರವರೆಗೆ ದೀಪ ಉರಿಸಲು, ವಾರಕ್ಕೊಂದು ಸಂಜೆ ಒಳಗಿನ ಹಾಲನ್ನು ಬರೆಯುವ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಲು ಲಕ್ಷಗಟ್ಟಲೆ ಬೇಕಿಲ್ಲ. ಅಲ್ಲಿ ಯಾರಿಗೂ ಹಾರ ತುರಾಯಿ ಬೇಡ. ಒಬ್ಬಳು ಕಥೆ ಓದಲಿ, ಉಳಿದವರು ತಪ್ಪು ಹುಡುಕಲಿ, ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿ ಕೇಳಲಿ.

ಈ ಸಲ ಆಸ್ತಿ ತೆರಿಗೆ ಕಟ್ಟಲು ಹೋದ ಅಂಗಡಿಕಾರರು ರಸೀತಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ಹುಡುಕಿ ನೋಡಲಿ. ಹೋದ ವರ್ಷದ್ದು ಯಾವ ತಿಂಗಳಲ್ಲಿ ಇಲಾಖೆಗೆ ಸಂದಾಯವಾಯಿತು ಎಂದು ಕೌಂಟರಿನಲ್ಲೇ, ಹಿಂದೆ ನಿಂತವರಿಗೂ ಕೇಳುವಂತೆ, ಒಂದು ಮಾತು ಕೇಳಲಿ.